ಒಂಬತ್ತನೆಯ ದಿನದ ಬಿಸ್ಕತ್ತು

ನನ್ನ ಕೆಲಸ ಮುರಿಯುವುದು.
ಕೌನಸ್ ಪಟ್ಟಣದ ಆಹಾರ ಪ್ರಯೋಗಾಲಯದಲ್ಲಿ
ಒಂದು ಮೊಂಡು ಅಲಗು, ಅದರ ಕೆಳಗೊಂದು ಬಿಸ್ಕತ್ತು,
ಪಕ್ಕದಲ್ಲಿ ಕಿವಿಗೊಟ್ಟು ಕೂತ ಪುಟ್ಟ ಮೈಕು.
ಮುರಿಯಲು ಎಷ್ಟು ಬಲ ಬೇಕಾಯಿತು, ಎಷ್ಟು ಸದ್ದಾಯಿತು,
ಎಷ್ಟು ಚೂರು, ಎಷ್ಟು ಪುಡಿ
ಬರೆದಿಡುತ್ತೇನೆ. ಇದಕ್ಕೂ ಸಂಬಳವಿದೆ.

ಮೈದಾ ಬೆಣ್ಣೆ ಸಕ್ಕರೆಯದು ಸುಲಭದ ಸಂಸಾರ,
ಮುರಿಯಲೆಂದೇ ಹುಟ್ಟಿದ ಹಾಗೆ ಮುರಿಯುತ್ತದೆ, ಟಕ್ಕನೆ.
ಪ್ರೋಟೀನಿನದು ಹಾಗಲ್ಲ.
ನೂರು ಗ್ರಾಮಿಗೆ ಇಪ್ಪತ್ತೆಂಟು ತುಂಬಿದಿರೋ
ಹಿಟ್ಟಿನ ನೀರನ್ನೆಲ್ಲ ತಾನೊಂದೇ ಕುಡಿದು,
ಒಲೆಯೊಳಗೆ ಕೈಗೆ ಕೈ ಹೆಣೆದುಕೊಂಡು,
ಹೊರಗೆ ಬರುವಾಗ ಮೆಟ್ಟಿನ ಅಟ್ಟೆ.
ಬಟಾಣಿಯದು ಹಾಕಿದರೆ ಸೀಮೆಸುಣ್ಣ,
ಮೊಟ್ಟೆಯ ಬಿಳಿಲೋಳೆಯದು ಹಾಕಿದರೆ ರಬ್ಬರು,
ಎರಡನ್ನೂ ಬೆರೆಸಿದ ದಿನ
ಸೀಮೆಸುಣ್ಣ ಬಳಿದ ರಬ್ಬರು.

ತಿನ್ನಬೇಕಾದವರೋ
ವಾರಕ್ಕೆ ಮೂರು ಸಲ ಯಂತ್ರಕ್ಕೆ ರಕ್ತ ಕೊಟ್ಟು
ತೊಳೆಸಿ ಮರಳಿ ಪಡೆಯುವವರು.
ತೊಳೆಯುವ ನೀರು ಕೊಳೆಯ ಜೊತೆಗೆ
ಮೈಯ ಸತ್ವವನ್ನೂ ಒಂದಿಷ್ಟು ಒಯ್ದುಬಿಡುತ್ತದೆ.
ಅದನ್ನು ಮತ್ತೆ ತುಂಬಬೇಕು, ಉಪ್ಪು ತಗ್ಗಿಸಿ, ಹಾಲು ತಗ್ಗಿಸಿ,
ಹಸಿವನ್ನೇ ಮರೆತ ಬಾಯಿಗಳ ಮೂಲಕ.

ಶುಕ್ರವಾರ ರುಚಿ ನೋಡಲು ಗೆನೊವೈತೆ ಬರುತ್ತಾಳೆ.
ಒಂದು ಕಾಲಕ್ಕೆ ಡಿಸ್ಕಸ್ ಎಸೆದವಳು.
ಬಿಸ್ಕತ್ತನ್ನು ಹಿಡಿಯುವುದೂ ಹಾಗೆಯೇ,
ಬೆರಳ ತುದಿಗಳಲ್ಲಿ, ತೂಕ ನೋಡುತ್ತ.
ಇಪ್ಪತ್ತಾರನೆಯ ಪ್ರಯೋಗವನ್ನು ಅಗಿದಳು, ಅಗಿದಳು,
ಕಿಟಕಿಯಾಚೆ ಎರಡು ಟ್ರಾಲಿಬಸ್ಸು ಹೋದವು,
ಇನ್ನೂ ಅಗಿಯುತ್ತಲೇ ಇದ್ದಳು.
ಕೊನೆಗೆ ಕಟ್ಟುಹಲ್ಲು ತೆಗೆದು ಕರವಸ್ತ್ರದ ಮೇಲಿಟ್ಟಳು.
ಹಲ್ಲಿಗೂ ಕಡಲೆಗೂ ಇರುವ ಹಳೆಯ ಜಗಳ
ಇಲ್ಲಿ ಬಟಾಣಿಯ ವೇಷದಲ್ಲಿ ಬಂದಿತ್ತು.
"ಇದನ್ನು ಎಸೆಯಲು ಕೊಡು," ಎಂದಳು,
"ಈಗಲೂ ಐವತ್ತು ಮೀಟರು ದಾಟಿಸುತ್ತೇನೆ."

ಡಾಕ್ಟರ್ ವಿಲ್ಮಾಂತಾಸ್ ನಗಲಿಲ್ಲ.
ಗಡಸುತನ: ಒಂಬತ್ತು, ಎಂದು ಬರೆದುಕೊಂಡರು.

"ಕಲಸಿದ ಮೇಲೆ ಎಷ್ಟು ಹೊತ್ತು ಬಿಡುತ್ತೀರಿ?"
ಬಿಡುವುದೇ ಇಲ್ಲ, ಯಂತ್ರ ಕಾಯುತ್ತಿರುತ್ತದೆ, ಎಂದೆ.
"ಕಾಯಲಿ. ನಾನು ನಾಲ್ಕು ಗಂಟೆ ಯಂತ್ರದ ಪಕ್ಕ ಕಾಯುವುದಿಲ್ಲವೇ?"

ಒದ್ದೆ ಬಟ್ಟೆ ಹೊದಿಸಿ ನಾಲ್ಕು ಗಂಟೆ ಮಲಗಿಸಿದೆವು.
ಅಷ್ಟೇ ಸಾಲಲಿಲ್ಲ.
ಕಾಲುಭಾಗ ಪ್ರೋಟೀನನ್ನು ಕಿಣ್ವದ ಕತ್ತರಿಗೆ ಕೊಟ್ಟು
ಉದ್ದ ಸರಪಳಿಯನ್ನು ತುಂಡು ಮಾಡಿಸಿದೆವು,
ಕಹಿ ಬಂತು.
ಈ ಊರವರು ಕಪ್ಪುರೊಟ್ಟಿಗೆ ಹಾಕುವ ಶಾಹಿಜೀರಿಗೆ
ಆ ಕಹಿಯ ಬಾಯಿ ಮುಚ್ಚಿಸಿತು.
ಒಲೆಯ ಉರಿ ಇಪ್ಪತ್ತು ಡಿಗ್ರಿ ಇಳಿಸಿದೆವು.
ಎಣ್ಣೆ ಎರಡು ಚಮಚ ಹೆಚ್ಚು. ಮೂವತ್ತು, ಮೂವತ್ತೈದು,
ನಲವತ್ತರದು ನೆಲಕ್ಕೆ ಬಿದ್ದು ಪುಟಿಯಿತು, ಅದನ್ನು ಬರೆಯಲಿಲ್ಲ.

ನಲವತ್ತೊಂದು.
ಅಲಗು ಇಳಿಯಿತು. ಮೈಕಿಗೊಂದು ಸದ್ದು ಕೇಳಿಸಿತು,
ದೊಡ್ಡದೇನಲ್ಲ,
ಮಾರ್ಚಿ ತಿಂಗಳ ಬೆಳಿಗ್ಗೆ ಬೀದಿಗುಂಡಿಯ ತೆಳು ಮಂಜುಗಡ್ಡೆ
ಶಾಲೆಗೆ ಹೊರಟ ಮಗುವಿನ ಬೂಟಿಗೆ ಸೀಳಿದಷ್ಟು.
ಗೆನೊವೈತೆ ಒಂದು ತಿಂದು ಮಾತಾಡಲಿಲ್ಲ.
ಇನ್ನೊಂದು ತೆಗೆದುಕೊಂಡಳು.
ಆ ಇನ್ನೊಂದಕ್ಕೆ ಹಾಳೆಯಲ್ಲಿ ಕಾಲಮ್ಮಿರಲಿಲ್ಲ.

ಒಂಬತ್ತನೆಯ ದಿನ ಡಬ್ಬಿ ತೆರೆದೆ.
ಅಲಗಿನ ಕೆಳಗೆ ಅದು ಮುರಿಯಲಿಲ್ಲ, ಬಾಗಿತು,
ಮೌನವಾಗಿ, ಸೊಂಟ ಹಿಡಿದವರಂತೆ.
ಪ್ರೋಟೀನು ಒಳಗೊಳಗೇ ನೀರು ಕದಿಯುತ್ತ
ರಾತ್ರಿಯೆಲ್ಲ ಮತ್ತೆ ಕೈ ಹೆಣೆಯುತ್ತಿತ್ತು.
ಅಂಗಡಿಗೆ ಆರು ತಿಂಗಳು ಬೇಕು, ಎಂದರು ಡಾಕ್ಟರು.
"ಆರು ತಿಂಗಳ ಲೆಕ್ಕ ನಾವು ಯಾರೂ ಹಾಕುವುದಿಲ್ಲ,"
ಎಂದ ಗೆನೊವೈತೆ, ಉಳಿದ ತಟ್ಟೆಯನ್ನು ಚೀಲಕ್ಕೆ ಸುರಿದುಕೊಂಡಳು.
"ನಮ್ಮ ವಾರ್ಡಿನಲ್ಲಿ ಹನ್ನೊಂದು ಹಾಸಿಗೆ.
ಮಂಗಳವಾರದೊಳಗೆ ಮುಗಿಯುತ್ತದೆ, ಬಾಗಿದ್ದಾದರೂ ಸರಿ,
ಚಹಾದಲ್ಲಿ ಅದ್ದುತ್ತೇವೆ."

ಚಹಾವೂ ಅವರಿಗೆ ಅಳತೆಯದು, ದಿನಕ್ಕೆ ಒಂದೇ ಲೋಟ.
ಅದರಲ್ಲಿ ಬಿಸ್ಕತ್ತಿಗೆಷ್ಟು ಬಿಡುತ್ತಾರೋ.

ನಲವತ್ತೆರಡರ ಹಿಟ್ಟು
ಒದ್ದೆ ಬಟ್ಟೆಯ ಕೆಳಗೆ ಮಲಗಿದೆ.
ಯಂತ್ರ ಕಾಯುತ್ತಿದೆ.