ತಕ್ಕಡಿಯ ಕೋಣೆ

ಉಪ್ಪಳ ಪೇಟೆಯ ಬೇಕರಿ ಮೇಲಿನ ಮಾಳಿಗೆಯಲ್ಲಿ
ವಯಸ್ಸಾದ ಇಬ್ಬರು ಒಂದು ಆಟ ಕಟ್ಟುತ್ತಿದ್ದರು.
ನಾನು ಕೆಳಗೆ, ಮೆಟ್ಟಿಲ ಬುಡದಲ್ಲಿ, ಲಾಟರಿ ಮಾರುವವನು.
ಒಂದು ಮಧ್ಯಾಹ್ನ ಲಿಲ್ಲಿ ಕ್ರಾಸ್ತಾ ಬಗ್ಗಿ ಕೇಳಿದರು:
"ಐತಪ್ಪಣ್ಣ, ದಿನಕ್ಕೊಂದು ಗಂಟೆ ಮೇಲೆ ಬಂದು
ಸಿಕ್ಕಿಹಾಕಿಕೊಳ್ಳುತ್ತೀರಾ?"
"ಸಂಬಳ?"
"ಚಾ, ಬನ್ಸ್, ಐವತ್ತು ರೂಪಾಯಿ."

ಮೂವತ್ತು ವರ್ಷ ಇದೇ ಕೆಲಸವಂತೆ.
ಫ್ಲಾಪಿಯ ಕಾಲದಲ್ಲಿ ಒಂದು ಭೂತದ ಬಂಗಲೆ,
ಆಮೇಲೆ ಗುಂಡಿಯ ಮೊಬೈಲಿಗೆ ಒಂದು ನಿಧಿಯ ದ್ವೀಪ.
ಕಂಪೆನಿ ಮುಚ್ಚಿತು, ದ್ವೀಪ ಮುಳುಗಿತು,
ಮೊಯ್ದೀನ್ ಕುಂಞಿಯವರ ಕನ್ನಡಕ ಎರಡು ಸಲ ದಪ್ಪವಾಯಿತು.
ಈಗ ಯಾರೂ ಕೇಳದೆ, ತಮ್ಮದೇ ದುಡ್ಡಿನಲ್ಲಿ
ಹೊಸದು: "ಚೌಕಿ".

ಶುರುವಾಗುವುದು ರಾತ್ರಿ. ಸುಂಕದ ಕಟ್ಟೆ.
ಗೋಡೆಯಲ್ಲಿ ಎರಡು ಗಡಿಯಾರ,
ಒಂದಕ್ಕೂ ಒಂದಕ್ಕೂ ಏಳು ನಿಮಿಷ ಅಂತರ.
ಬೆಲ್ಲದ ಮೂಟೆಗೆ ಅರಗಿನ ಮುದ್ರೆ.
ಲಾಟೀನು ಆರಿದೆ, ಗಾಜು ಇನ್ನೂ ಬಿಸಿ.
ಗುಮಾಸ್ತ ನಾಪತ್ತೆ, ಲೆಕ್ಕದ ಪುಸ್ತಕವೂ.
ಬೆಳಗಾದರೆ ಬೇರೆ ರಾಜ್ಯ, ಕಂಬ ನೆಡಲು ಜನ ಬರುತ್ತಾರೆ.
ಅಷ್ಟರೊಳಗೆ ಅವನೆಲ್ಲಿ ಅಂತ ಹೇಳಬೇಕು.

ನಾನು ಬುದ್ಧಿವಂತ. ಮೊದಲ ದಿನವೇ ಅಂದೆ:
"ಅವನೆಲ್ಲಿಗೂ ಹೋಗಲಿಲ್ಲ ಮೇಡಂ,
ಗಡಿಯೇ ಅವನನ್ನು ದಾಟಿಹೋಯಿತು."
ಹೇಳಿ, ಬನ್ಸ್ ಮುರಿದು, ಶಹಭಾಸ್‌ಗೆ ಕಾದೆ.
ಲಿಲ್ಲಿ ಗ್ರಾಫ್ ಹಾಳೆಯಲ್ಲಿ ಒಂದು ಗೀಟು ಎಳೆದರು.
"ನೀವು ಆರನೆಯವರು. ಈ ಊರಲ್ಲಿ ಎಲ್ಲರೂ
ಮೊದಲು ಹೇಳುವುದು ಇದನ್ನೇ.
ಅದು ಬಾಗಿಲಲ್ಲ, ಬಾಗಿಲಿನ ಚಿತ್ರ."

ಆಮೇಲೆ ದಿನಾ ಮೂರರ ಡ್ರಾ ಮುಗಿಸಿ ಹತ್ತಿದೆ.
ನನ್ನ ಗಿರಾಕಿಗಳು ಕನಸಿನ ಅಂಕೆ ಹುಡುಕುವವರು,
ಬಸ್ಸಿನ ನಂಬರು, ಮೊಮ್ಮಗುವಿನ ತೂಕ;
ಅಂಕೆಗೆ ಅರ್ಥವಿಲ್ಲ ಅಂತ ಬಲ್ಲವನು ನಾನೊಬ್ಬ.
ಇಲ್ಲಿ ಉಲ್ಟಾ. ಏಳು ನಿಮಿಷಕ್ಕೆ ಅರ್ಥವಿತ್ತು,
ಮುದ್ರೆ ಬಿರುಕುಬಿಟ್ಟ ಬದಿಗೆ ಅರ್ಥವಿತ್ತು,
ಹಗ್ಗದ ಮೇಲಿನ ಅಂಗಿಯಲ್ಲಿ
ಒಂದೇ ತೋಳು ಒದ್ದೆ ಇದ್ದದ್ದಕ್ಕೂ.
ಇಷ್ಟು ವರ್ಷ ಅದೃಷ್ಟ ಮಾರಿದವನಿಗೆ
ಯಾರೋ ಕಾರಣ ಮಾರಿದ ಹಾಗೆ. ತಲೆ ತಿರುಗಿತು.

ಅವರಿಬ್ಬರ ಜಗಳ ಮಲಯಾಳದಲ್ಲಿ, ಲೆಕ್ಕ ಕನ್ನಡದಲ್ಲಿ,
ಬೈಗುಳ ಮಾತ್ರ ತುಳುವಿನಲ್ಲಿ, ನನಗೂ ಪಾಲಿರಲಿ ಎಂದು.
"ಸುಳಿವು ಜಾಸ್ತಿಯಾಯಿತು." "ಸಾಲದು."
ಅವರೊಂದು ಮೊಳೆ ಕಿತ್ತರೆ ಇವರೊಂದು ನೆರಳು ಹಾಕಿದರು.
ಒಂದು ಸಂಜೆಯಿಡೀ ಚರ್ಚೆ: ಬೀಗ ತೆರೆದಾಗ
"ಟಕ್" ಎನ್ನಬೇಕೆ, "ಕಟಕ್" ಎನ್ನಬೇಕೆ.
ಬೇಕರಿಯ ಷಟರಿಗೆ ಮೈಕು ಹಿಡಿದು ನೋಡಿ,
ಕೊನೆಗೆ ನನ್ನ ಟಿಕೆಟ್ ಪೆಟ್ಟಿಗೆಯ ಚಿಲಕ ಎರವಲು ಪಡೆದರು.
ಈಗ ಅದು ಆಟದಲ್ಲಿದೆ.

ತಕ್ಕಡಿಯ ಕೋಣೆಯಲ್ಲಿ ಹನ್ನೊಂದು ದಿನ ನಿಂತೆ.
ಈ ತಟ್ಟೆಯಲ್ಲಿ ಏನಿಲ್ಲ, ಆ ತಟ್ಟೆಯಲ್ಲೂ ಏನಿಲ್ಲ,
ಆದರೂ ಎಡಕ್ಕೆ ವಾಲಿದೆ.
ಮೊಯ್ದೀನ್ ಕುಂಞಿ ಹಿಂದೆ ಕೂತು ನೋಡುತ್ತಾರೆ,
ಪರದೆಯನ್ನಲ್ಲ, ನನ್ನ ಕತ್ತನ್ನು.
"ಕತ್ತು ಮುಂದೆ ಬಂದರೆ ಒಗಟಿಗೆ ಜೀವವಿದೆ.
ಹಿಂದೆ ಹೋದರೆ ಸತ್ತಿತು.
ಇಷ್ಟು ಕಾಲ ಕಲಿತದ್ದು ಇದೊಂದೇ."
ಮೌಸ್ ಮೇಲೆ ಅವರ ಕೈ ನಡುಗುತ್ತದೆ;
ಅದಕ್ಕೇ ಇರಬೇಕು, ಈ ಆಟದಲ್ಲಿ
ಯಾರೂ ನಿಮ್ಮನ್ನು ಓಡಿಸುವುದಿಲ್ಲ.

ಹನ್ನೆರಡನೇ ದಿನ ಮೀನು ಮಾರ್ಕೆಟ್ಟಿನಲ್ಲಿ
ಬೂತಾಯಿ ತೂಗುವ ಮೊದಲು ಬೀಫಾತುಮ್ಮ
ತಟ್ಟೆ ಮಗುಚಿ ತಳ ಒರೆಸಿದರು.
ಚೀಲ ಅಲ್ಲೇ ಬಿಟ್ಟೆ. ದುಡ್ಡೂ.
ಮೆಟ್ಟಿಲು ಎರಡೆರಡು.

ತಳದಲ್ಲಿ ಏನು ಬರೆದಿತ್ತು ಅಂತ ಕೇಳಬೇಡಿ,
ಮಾತು ಕೊಟ್ಟಿದ್ದೇನೆ.
ಗುಮಾಸ್ತನ ಬಗ್ಗೆ ಇಷ್ಟು ಹೇಳಬಹುದು:
ಅವನು ಒಳ್ಳೆಯವನಲ್ಲ, ಆದರೆ ಅಕ್ಷರ ದುಂಡಗೆ.
ಬೀಗ ಕಟಕ್ ಎಂದಾಗ ಲಿಲ್ಲಿ ಗೀಟು ಎಳೆಯಲಿಲ್ಲ.
ಹೊತ್ತು ಬರೆದುಕೊಂಡರು: ನಾಲ್ಕು ಹದಿನೆಂಟು.

ಮರುದಿನ ಒಬ್ಬ ರಿಕ್ಷಾದವ
ಏಳರಲ್ಲಿ ಮುಗಿಯುವ ಟಿಕೆಟೇ ಬೇಕೆಂದ.
ಅಂಕೆಯಲ್ಲೇನಿದೆ ಮಾರಾಯ ಅನ್ನಹೊರಟವನು
ಅವನ ಕತ್ತು ನೋಡಿದೆ,
ಕಟ್ಟು ಬಿಚ್ಚಿ ಹುಡುಕತೊಡಗಿದೆ.