ನಲವತ್ತೇಳನೇ ಸೈಟಿನ ಟಿಟ್ಟಿಭ

ಹೆಸರಘಟ್ಟ ರಸ್ತೆಯಿಂದಾಚೆ, ರಾಗಿ ಹೊಲ ಹೋಗಿ
ಲೇಔಟು ಎಂಬ ಹೆಸರು ಬಂದ ಬಯಲಲ್ಲಿ
ಮಾರ್ಚಿ ತಿಂಗಳ ಬೆಳಗ್ಗೆ ಏಳೂವರೆಗೆ
ಮೂರು ಕಾಲಿನ ಮೇಲೆ ಯಂತ್ರ ನಿಲ್ಲಿಸಿ
ಒಂದು ಕಣ್ಣು ಮುಚ್ಚಿದ್ದೆ.
ಇಪ್ಪತ್ತಮೂರು ವರ್ಷದಿಂದ ನನ್ನ ಕಸುಬೇ ಇದು,
ಒಂದು ಕಣ್ಣು ಮುಚ್ಚುವುದು.

ಕೋಲು ಹಿಡಿದು ಹೊರಟ ಮುನಿಯಲ್ಲಪ್ಪ
ಮೂಲೆಕಲ್ಲಿನ ಜಾಗ ಇನ್ನೂ ಹತ್ತು ಹೆಜ್ಜೆ ಇರುವಾಗಲೇ
ಆಕಾಶ ಕಿರುಚಿತು.
ಕೆಂಪು ಕೊಕ್ಕು, ಹಳದಿ ಕಾಲು, ತಲೆಗೆ ಕುಕ್ಕುವಂತೆ ಬಂದು
ಕುಕ್ಕದೆ ಮೇಲೆದ್ದು, ಮತ್ತೆ ಬಂದು.
"ಅಣ್ಣಾ, ಮೊಟ್ಟೆ" ಅಂದ,
ಎತ್ತಿದ ಕಾಲು ಎತ್ತಿದಂತೆಯೇ.

ನಾಲ್ಕು. ಜಲ್ಲಿಕಲ್ಲಿನ ನಡುವೆ ಜಲ್ಲಿಕಲ್ಲಿನ ಬಣ್ಣ.
ಹುಲ್ಲಿಲ್ಲ, ಕಡ್ಡಿಯಿಲ್ಲ, ಗೋಡೆಯ ಮಾತೇ ಇಲ್ಲ.
ನಕ್ಷೆಯಲ್ಲಿ ಎಲ್ಲಿ ಕಲ್ಲು ನೆಡಬೇಕೋ
ಸರಿಯಾಗಿ ಅದೇ ಬಿಂದುವಿನ ಮೇಲೆ.
ಎರಡು ಮಿಲಿಮೀಟರಿನ ತನಕ ಲೆಕ್ಕ ಹೇಳುವ ನನ್ನ ಯಂತ್ರಕ್ಕಿಂತ
ಕರಾರುವಾಕ್ಕಾಗಿ ಕೂತಿತ್ತು ಹಕ್ಕಿ.

ಇದು ಕಾಲು ಮೇಲೆ ಮಾಡಿ ಮಲಗುತ್ತದಂತೆ,
ಆಕಾಶ ಬಿದ್ದರೆ ಹಿಡಿಯುವುದಕ್ಕೆ.
ಹೇಳಿದ್ದು ಮುನಿಯಲ್ಲಪ್ಪನ ಅಜ್ಜಿ. ನಾನು ನಕ್ಕೆ.
ಹೊಂಗೆ ಮರದಡಿ ಟೀ ಹಿಡಿದು ಕೂತು ನೋಡಿದೆವು.
ಹಸು ಬಂತು.
ಹಕ್ಕಿ ಕದಲಲಿಲ್ಲ, ಎರಡೂ ರೆಕ್ಕೆ ಬಿಚ್ಚಿ
ಅದರ ಮೂತಿಯ ಮುಂದೆ ನಿಂತಿತು.
ಹಸು ಸ್ವಲ್ಪ ಹೊತ್ತು ಯೋಚಿಸಿ ದಾರಿ ಬದಲಿಸಿತು.

ನಾಯಿ ಬಂದಾಗ ಮಾತ್ರ ಬೇರೆಯೇ ಹಕ್ಕಿಯಾಯಿತು.
ಒಂದು ರೆಕ್ಕೆ ಜೋತುಬಿಟ್ಟು, ನೆಲಕ್ಕೆ ತೇಯುತ್ತ, ಕುಂಟುತ್ತ,
ಅಯ್ಯೋ ಸತ್ತೆ, ಈಗ ಸತ್ತೆ ಎಂಬಂತೆ
ಐವತ್ತನೇ ಸೈಟು ದಾಟಿಸಿ, ಅರವತ್ತು ದಾಟಿಸಿ
ಚರಂಡಿಯಂಚಿನಲ್ಲಿ ನಾಯಿಯನ್ನು ಬಿಟ್ಟು
ಸಲೀಸಾಗಿ ಹಾರಿತು.
"ಏನ್ ನಾಟ್ಕ ಅಣ್ಣಾ!" ಮುನಿಯಲ್ಲಪ್ಪನ ಚಪ್ಪಾಳೆ.
ನನ್ನ ಟೀ ಆರಿತ್ತು.

ಈ ನಾಟಕ ನನಗೆ ಗೊತ್ತು.
ಸುಂಕದಕಟ್ಟೆಯಲ್ಲಿ ಅಪ್ಪನ ಮೂವತ್ತು-ನಲವತ್ತನ್ನು
ಎರಡು ಮಾಡಿದ ದಿನ
ಟೇಪಿನ ಸೊನ್ನೆ ತುದಿ ಹಿಡಿದವನು ತಮ್ಮ ಗಂಗರಾಜ,
ಓದಿದವನು ನಾನು.
ಇದ್ದದ್ದು ಹದಿನಾಲ್ಕು ಅಡಿ ಒಂದು ಇಂಚು.
ಹದಿನೈದು, ಅಂದೆ.
ನಂಬಿ ಗೂಟ ಹೊಡೆದ.

ಆಮೇಲೆ ಯಾರಿಂದಲೋ ಅಳೆಸಿಕೊಂಡು ಬಂದನಲ್ಲ,
ಆಗ ನೆಂಟರ ಮುಂದೆ ನಾನು ರೆಕ್ಕೆ ಎಳೆದ ರೀತಿ!
ಓದಿಸಿದ ಅಣ್ಣನಿಗೆ ಈ ಮಾತೇ ಎಂದು
ಕುಂಟುತ್ತ, ತೇಯುತ್ತ,
ಅಪ್ಪನ ಆಸ್ಪತ್ರೆ ಖರ್ಚು ದಾಟಿಸಿ, ಅವ್ವನ ಬಳೆ ದಾಟಿಸಿ
ಎಲ್ಲರನ್ನೂ ಎಷ್ಟು ದೂರ ಒಯ್ದೆನೆಂದರೆ
ಟೇಪು ತರಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಹಕ್ಕಿಯ ಸುಳ್ಳಿನ ಹಿಂದೆ ನಾಲ್ಕು ಮೊಟ್ಟೆ.
ನನ್ನದರ ಹಿಂದೆ ಹನ್ನೊಂದು ಇಂಚು.
ಅದರ ಮೇಲೆ ಈಗ ಚಪ್ಪಲಿ ಸ್ಟ್ಯಾಂಡು ಇದೆ.

ಓನರು ಫೋನು ಮಾಡಿದಾಗ
ಯಂತ್ರ ರಿಪೇರಿಗೆ ಹೋಗಿದೆ ಸಾರ್, ಅಂದೆ.
ಇದೂ ಸುಳ್ಳೇ. ಆದರೆ ಆ ರಾತ್ರಿ ನಿದ್ದೆ ಬಂತು.
ಬೇರೆ ಸಾಲುಗಳನ್ನು ಅಳೆಯುತ್ತ ದಿನ ತಳ್ಳಿದೆವು.
ನಡುಮಧ್ಯಾಹ್ನ ಹಕ್ಕಿ ಹೊಟ್ಟೆಗರಿ ತೋಯಿಸಿಕೊಂಡು ಬಂದು
ಮೊಟ್ಟೆ ತಣಿಸುತ್ತಿತ್ತು,
ಟ್ಯಾಂಕರಿಗೆ ಮೂರು ದಿನ ಕಾಯುವ ಊರಲ್ಲಿ
ನೀರು ಎಲ್ಲಿ ಸಿಕ್ಕಿತೋ.

ಪಾಠ ಹೇಳಲು ಅದು ಮೊಟ್ಟೆಯಿಟ್ಟಿರಲಿಲ್ಲ, ಬಿಡಿ.
ನನ್ನ ಬಗ್ಗೆ ಅದಕ್ಕೆ ಬೇಕಿದ್ದದ್ದು ಒಂದೇ ವಿಷಯ:
ಇವನನ್ನು ಎಷ್ಟು ಹತ್ತಿರಕ್ಕೆ ಬಿಡಬಹುದು.

ಮೂರು ಮರಿ ಒಡೆದು ಬಂದವು,
ಗರಿ ಒಣಗಿದ್ದೇ ತಡ ನಡೆದೇಬಿಟ್ಟವು,
ನಲವತ್ತೆಂಟು, ನಲವತ್ತೊಂಬತ್ತು,
ಯಾವ ಗಡಿಯನ್ನೂ ಕೇಳದೆ.
ಒಡೆಯದ ನಾಲ್ಕನೆಯದನ್ನು ಮುನಿಯಲ್ಲಪ್ಪ
ಮೂಲೆಕಲ್ಲಿನ ಬುಡದಲ್ಲೇ ಮಣ್ಣು ಮಾಡಿದ.

ಭಾನುವಾರ ಟೇಪು ತೆಗೆದುಕೊಂಡು ಎದ್ದೆ.
ಪಕ್ಕದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ,
ಒಂಬತ್ತು ವರ್ಷ ನಡೆದಿರಲಿಲ್ಲ.
ಅರ್ಧದಲ್ಲೇ ಗಂಗರಾಜನ ಮಗಳು ನೋಡಿದಳು.
ಕಿರುಚಲಿಲ್ಲ.
ಎರಡೂ ಕೈ ಚಾಚಿ, ಬಾಗಿಲುವಾಡಕ್ಕೆ ಅಡ್ಡ ನಿಂತಳು.

ಹಸುವಿನ ಹಾಗೆ ನಿಂತಿದ್ದೇನೆ, ಯೋಚಿಸುತ್ತ.
ದಾರಿ ಬದಲಿಸಿಲ್ಲ, ಇನ್ನೂ.
ಸೊನ್ನೆಯ ತುದಿ ಈ ಸಲ ನನ್ನ ಕೈಯಲ್ಲಿದೆ.