ಹದಿನಾಲ್ಕನೇ ಪೈಲಿನ ತಲೆ

ಮಡಿಕೇರಿಯ ಹೆರಿಗೆ ವಾರ್ಡಿಗೆ ಇನ್ನೂ ಗೋಡೆಯಿಲ್ಲ.
ಕೆಮ್ಮಣ್ಣಿನ ಚೌಕದಲ್ಲಿ ಇಪ್ಪತ್ತೆರಡು ಕಾಂಕ್ರೀಟು ತಲೆಗಳು,
ಒಂದೊಂದರ ನೆತ್ತಿಯಲ್ಲೂ ಎರಡು ಕಪ್ಪು ಕೊಳವೆ
ಈಗಷ್ಟೇ ಕೊಂಬು ಮೂಡಿದ ಕರುಗಳ ಹಾಗೆ.

ನೀರು ಹದಿನೆಂಟು ಮೀಟರು ಇಳಿದು
ತಳದಲ್ಲಿ ಹೊರಳಿ ಮೇಲೆ ಬರುತ್ತದೆ,
ಕಕ್ಕಡದಲ್ಲಿ ಮಣ್ಣಿನ ಬಿಸುಪು ಹೊತ್ತು,
ಏಪ್ರಿಲಿನಲ್ಲಿ ಕೋಣೆಯ ಸೆಕೆ ಕೆಳಗೆ ಬಿಟ್ಟು.
ಹೀಗೆಂದು ನಕ್ಷೆ. ನನ್ನ ಕೆಲಸ ನಕ್ಷೆಯದ್ದಲ್ಲ:
ಹದಿನಾಲ್ಕನೆಯದರ ತಲೆ ಎಷ್ಟು ಏಳುತ್ತದೆ, ಎಷ್ಟು ಇಳಿಯುತ್ತದೆ,
ಗಂಟೆಗೊಮ್ಮೆ ಬರೆಯುವುದು.

ಬಿಸಿನೀರು ಬಿಟ್ಟ ಮೂರನೇ ರಾತ್ರಿ
ಮುಳ್ಳು ಒಂದು ಮಿಲಿಮೀಟರು ದಾಟಿತು.
ಕಾದರೆ ಉದ್ದವಾಗುತ್ತದೆ. ತಲೆ ಮೇಲಕ್ಕೆ, ಪಾದ ಕೆಳಕ್ಕೆ,
ಮೈಯುದ್ದಕ್ಕೂ ಮಣ್ಣು ಅದನ್ನು ಉಜ್ಜಿ ಹಿಡಿಯುತ್ತದೆ.
ನಡುವೆ ಎಲ್ಲೋ, ಹತ್ತು ಮೀಟರಿನ ಆಸುಪಾಸು,
ಯಾವ ಕಡೆಗೂ ಹೋಗದ ಒಂದು ಜಾಗ.

ನಾಳೆ ಮೂರು ಮಹಡಿ ಮೇಲೆ ಕೂತಾಗ
ಇಷ್ಟು ಏಳಲಾರದು. ಏಳಲಾಗದ್ದು
ಒಳಗೇ ಒತ್ತಡವಾಗಿ ನಿಲ್ಲುತ್ತದೆ.
ಅದನ್ನು ಅಳೆಯಲೆಂದೇ ಕಂಬಿಗೆ ತಂತಿ ಕಟ್ಟಿದ್ದೆವು.
ಒಂದು ತಂತಿ ಸತ್ತಿದೆ. ಸುರಿಯುವಾಗ ಕಾಂಕ್ರೀಟು ಕಿತ್ತಿರಬೇಕು.

ರಿಗ್ಗಿನ ಕುಂಞಿಮೊಯ್ದು ಬೀಡಿ ಹಚ್ಚಿ ಕೇಳಿದ:
"ದಿನಾ ಬಿಸಿ ಕಿತ್ತರೆ ನೆಲಕ್ಕೆ ನೆಗಡಿ ಆಗೂದಿಲ್ವಾ?"
ಆಗುತ್ತದೆ ಎಂದೆ. ಇಲ್ಲಿ ಚಳಿ ಉದ್ದ, ಸೆಕೆ ಗಿಡ್ಡ,
ತೆಗೆದಷ್ಟು ತಿರುಗಿ ಕೊಡದಿದ್ದರೆ
ಹತ್ತು ವರ್ಷಕ್ಕೆ ಮಣ್ಣು ಒಂದೆರಡು ಡಿಗ್ರಿ ತಣ್ಣಗೆ.
ಅವನು ಬೀಡಿಯನ್ನು ಅದೇ ಮಣ್ಣಿನಲ್ಲಿ ಹೊಸಕಿದ:
"ತಕ್ಕೊಳ್ಳಲಿ, ನನ್ನದೊಂದು ಕಂತು."

ಚಹಾ ತಂದ ಚೀಯವ್ವ ನಗಲಿಲ್ಲ.
ಗುಡ್ಡ ಜಾರಿದ ವರ್ಷ ಅವಳ ಕೊಟ್ಟಿಗೆ, ಎರಡು ಹಸು,
ಹೊಲಿಗೆ ಮೆಷಿನು ಹೋಗಿದ್ದವು.
"ಅಲುಗುತ್ತದಾ ಇದು?"
ಅಲುಗುತ್ತದೆ, ಒಂದು ಮಿಲಿಮೀಟರು,
ತಣಿದರೆ ಮತ್ತೆ ಸ್ವಸ್ಥಾನಕ್ಕೆ.
"ನಮ್ಮ ಅಂಗಳದಲ್ಲೂ ಮೊದಲು ಬಿದ್ದದ್ದು
ಕೂದಲೆಳೆ ಬಿರುಕು."

ನನ್ನ ಹತ್ತಿರ ಗುಣಾಂಕವಿತ್ತು, ಸೂತ್ರವಿತ್ತು.
ಬಾಯಿ ತೆರೆದೆ, ಚಹಾ ಕುಡಿದೆ.

ಈಗ ಬೆಳಗಿನ ನಾಲ್ಕು. ತಣ್ಣೀರು ಬಿಟ್ಟು ಎರಡನೇ ದಿನ.
ತಲೆ ಇಳಿದಿದೆ, ಶುರುವಿನ ಗೆರೆಗಿಂತ
ಸೊನ್ನೆ ಬಿಂದು ಸೊನ್ನೆ ನಾಲ್ಕು ಕೆಳಗೆ.
ಉಪಕರಣದ ತಪ್ಪಿನೊಳಗೇ ಮುಚ್ಚಿಹೋಗುವ ಅಂಕಿ,
ಬಿಟ್ಟರೂ ಯಾರೂ ಕೇಳರು.
ಬರೆದೆ. ಪಕ್ಕದಲ್ಲಿ ಹೊತ್ತು, ಗಾಳಿಯ ಉಷ್ಣತೆ,
ಮತ್ತೆ, ಅದಕ್ಕೆ ಕಾಲಂ ಇಲ್ಲದಿದ್ದರೂ,
ಚೀಯವ್ವನ ಹೆಸರು.